ಪದಚರ್ಚೆ: ‘ಪೀಸ್ ಆಫ್ ಏಯ್ಟ್’ – ಎಂಟರ ತುಂಡೋ, ಎಂಟು ರೆಯಾಲೋ?

‘ಪೀಸ್ ಆಫ್ ಏಯ್ಟ್’ಗೆ ಕನ್ನಡದಲ್ಲಿ ಏನನ್ನುತ್ತೀರಿ? ಪದಕ್ಕೆ ಪದ ಇಟ್ಟರೆ ‘ಎಂಟರ ತುಂಡು’ ಆಗುತ್ತದೆ. ಓದಿದವರು ಯಾವುದನ್ನೋ ಎಂಟು ಹೋಳು ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಅಸಲಿಗೆ ಅದು ಎಂಟು ರೆಯಾಲ್ ಬೆಲೆಯ ಇಡೀ ಸ್ಪ್ಯಾನಿಷ್ ಬೆಳ್ಳಿನಾಣ್ಯ. ನಮ್ಮ ‘ಎಂಟಾಣೆ’ಯ ಜಾಡಿನಲ್ಲೇ ಹುಟ್ಟಿದ ಹೆಸರು, ಕೆಳಗಿನ ನಾಣ್ಯದ ಲೆಕ್ಕದಲ್ಲಿ ಮೇಲಿನದನ್ನು ಕರೆಯುವುದು. ಒಂದೇ ವ್ಯತ್ಯಾಸ: ಎಂಟಾಣೆ ಅರ್ಧ ರೂಪಾಯಿ, ಎಂಟು ರೆಯಾಲ್ ಪೂರ್ತಿ ಒಂದು ಪೆಸೊ. ಹಾಗಾಗಿ ‘ಎಂಟು ರೆಯಾಲಿನ ನಾಣ್ಯ’ ಎನ್ನುವುದೇ ಸರಿ ಎಂದು ನನ್ನ ಮತ. ‘ರಿಯಲ್’ ಎಂದು ಬರೆದರೆ ‘ನಿಜವಾದ ನಾಣ್ಯ’ ಎಂದು ಓದಿಕೊಳ್ಳುವ ಅಪಾಯವಿದೆ. ಸ್ಪ್ಯಾನಿಷಿನಲ್ಲಿ ಅದರ ಅರ್ಥ ‘ಅರಸನದು’. ಕೊಲ್ಲಿ ದೇಶಗಳ ‘ರಿಯಾಲ್’ ಇದರಿಂದಲೇ ಬಂದದ್ದು.

ಕೇಳಲು ಕಾರಣವಿದೆ. ಫ್ಲಾರಿಡಾದ ಸೆಬಾಸ್ಟಿಯನ್ ಹತ್ತಿರದ ಕಡಲತೀರದಲ್ಲಿ ನನ್ನ ಸೋದರಳಿಯನಿಗೆ ಸೊಟ್ಟಸೊಟ್ಟಗಿನ ಕಪ್ಪು ಬಿಲ್ಲೆಯೊಂದು ಸಿಕ್ಕಿದೆ. (ಹುಣಸೆಹಣ್ಣು ಹಾಕಿ ತಿಕ್ಕಬೇಡ ಮಾರಾಯ ಎಂದು ಮೊದಲೇ ಹೇಳಿದ್ದೇನೆ.) ಅಲ್ಲಿನ ಕನ್ನಡ ಕೂಟದ ಸಂಚಿಕೆಗೆ ಇದರ ಬಗ್ಗೆ ಬರೆದುಕೊಡು ಎಂದು ದುಂಬಾಲು ಬಿದ್ದಿದ್ದಾನೆ. ತೂಕ 22 ಗ್ರಾಂ. ಎಂಟು ರೆಯಾಲಿನದು ಟಂಕಿಸಿದಾಗ 27 ಗ್ರಾಂ ಚಿಲ್ಲರೆ, ನಾಲ್ಕರದು ಅದರ ಅರ್ಧ. ಉಪ್ಪುನೀರು ಬೆಳ್ಳಿಯನ್ನು ತಿನ್ನುತ್ತದೆಯೇ ಹೊರತು ಬೆಳೆಸುವುದಿಲ್ಲವಲ್ಲ, ಆದ್ದರಿಂದ ಇದು ಎಂಟರದೇ. ಒಂದು ಮಗ್ಗುಲಲ್ಲಿ ಶಿಲುಬೆ, ಅದರ ಸಂದುಗಳಲ್ಲಿ ಕೋಟೆ ಮತ್ತು ಸಿಂಹ, ಅಂದರೆ ಕಾಸ್ಟೀಲ್ ಮತ್ತು ಲಿಯೋನ್ ರಾಜ್ಯಗಳ ಲಾಂಛನ. ಇನ್ನೊಂದು ಮಗ್ಗುಲಲ್ಲಿ ‘ಎಂ’ ಅಕ್ಷರದ ನೆತ್ತಿಯ ಮೇಲೆ ಪುಟ್ಟ ‘ಓ’: ಮೆಕ್ಸಿಕೋ ಟಂಕಸಾಲೆಯ ಗುರುತು. ಅದರ ಕೆಳಗೆ ‘ಜೆ’. ಇಸವಿ ಬಿಲ್ಲೆಯ ಅಂಚಿನಾಚೆ ಹೋಗಿದೆ. ಹವಾನಾದಿಂದ ಹೊರಟ ಸ್ಪೇನಿನ ನಿಧಿ ಹಡಗುಗಳಲ್ಲಿ ಹನ್ನೊಂದು 1715ರ ಜುಲೈ ಕೊನೆಯಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ್ದು ಇದೇ ಕರಾವಳಿಯುದ್ದಕ್ಕೆ. ಐದನೆಯ ಫಿಲಿಪ್ಪನ ಆ ಕಾಲಕ್ಕೆ ‘ಜೆ’ ಗುರುತೂ ಹೊಂದುತ್ತದೆ.

ಈಗ ಉಳಿದ ತೊಡಕುಗಳು. ಇಂಥ ನಾಣ್ಯಕ್ಕೆ ಇಂಗ್ಲಿಷಿನಲ್ಲಿ ‘ಕಾಬ್’, ಸ್ಪ್ಯಾನಿಷಿನಲ್ಲಿ ‘ಮಕುಕಿನಾ’. ಬೆಳ್ಳಿಯನ್ನು ಪಟ್ಟಿಯಾಗಿ ಎರೆದು, ತುಂಡರಿಸಿ, ತೂಕ ಸರಿಹೋಗುವವರೆಗೆ ಅಂಚು ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದದ್ದು. ಮೆಕ್ಸಿಕೋದಲ್ಲಿ ಯಂತ್ರದ ದುಂಡನೆಯ ನಾಣ್ಯ ಬಂದದ್ದು 1732ರಲ್ಲಿ. ಮೊದಲು ‘ತುಂಡುನಾಣ್ಯ’ ಎಂದು ಬರೆದು ಹೊಡೆದುಹಾಕಿದೆ. ಏಕೆಂದರೆ ಚಿಲ್ಲರೆಗಾಗಿ ಇದೇ ನಾಣ್ಯವನ್ನು ನಿಜಕ್ಕೂ ತುಂಡು ಮಾಡುತ್ತಿದ್ದರು. ಆ ಚೂರುಗಳಿಗೆ ‘ಬಿಟ್’ ಎಂದು ಹೆಸರು, ಕಾಲು ಡಾಲರಿಗೆ ಅಮೆರಿಕದಲ್ಲಿ ‘ಟೂ ಬಿಟ್ಸ್’ ಎನ್ನುವುದು ಅಲ್ಲಿಂದಲೇ. ಸದ್ಯಕ್ಕೆ ‘ಕೈಬಡಿತದ ನಾಣ್ಯ’ ಎಂದಿಟ್ಟಿದ್ದೇನೆ. ಇದಕ್ಕಿಂತ ಅಡಕವಾದದ್ದು ಯಾರಿಗಾದರೂ ಹೊಳೆದರೆ ತಿಳಿಸಿ.

ಇನ್ನು ಆ ‘ಜೆ’. ಅದು ಬೆಳ್ಳಿಯ ಶುದ್ಧತೆಗೆ ಹೊಣೆಯಾದ ಟಂಕಸಾಲೆಯ ಅಧಿಕಾರಿಯ ಹೆಸರಿನ ಮೊದಲಕ್ಷರ. ಅವನನ್ನು ‘ಚಿನಿವಾರ’ ಎನ್ನೋಣವೆಂದರೆ ಅಕ್ಕಸಾಲಿಗ, ವ್ಯಾಪಾರಿಯ ನೆನಪಾಗುತ್ತದೆ. ನಾಣ್ಯ ಪರೀಕ್ಷಿಸುವವನಿಗೆ ‘ನೋಟಗಾರ’ ಎಂಬ ಹಳೆಯ ಮಾತಿದೆ. ನನಗೆ ಅದೇ ಇಷ್ಟ, ಆದರೆ ಇವತ್ತಿನ ಓದುಗರು ಪ್ರೇಕ್ಷಕ ಎಂದು ತಿಳಿದಾರೆಂಬ ಅಳುಕು. ಒಮ್ಮೆ ವಿವರಿಸಿ ‘ನೋಟಗಾರ’ ಎಂದೇ ಬಳಸಿದರೆ ನಡೆದೀತೇ?