60 ಸಾವಿರದೊಳಗೆ ಮೊದಲ ಗೇಮಿಂಗ್ ಪಿಸಿ: 27 ಸಾವಿರದ ಐ7 ತಗೊಳ್ಳಲಾ, 58 ಸಾವಿರದ ಐ3 ತಗೊಳ್ಳಲಾ?

ತುಂಗೆದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ, ಡಿಪ್ಲೊಮಾ ಎರಡನೇ ವರ್ಷ ಓದ್ತಿದೀನಿ. ಈ ಸಲ ಅಡಿಕೆ ಮಾರಿದ ದುಡ್ಡಲ್ಲಿ ಕಂಪ್ಯೂಟರಿಗೆ ಅಂತ ಅಪ್ಪ 60 ಸಾವಿರ ತೆಗೆದಿಟ್ಟಿದಾರೆ. ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಅದರಲ್ಲೇ ಆಗಬೇಕು. ಇಷ್ಟು ದಿನ ಫೋನಲ್ಲೇ ಆಡಿದ್ದು, ಕಂಪ್ಯೂಟರ್ ಒಳಗೆ ಏನಿರುತ್ತೆ ಅಂತ ನೋಡಿದವನಲ್ಲ. ಆಡಬೇಕು ಅಂದ್ಕೊಂಡಿರೋದು ವ್ಯಾಲರಂಟ್, ಜಿಟಿಎ 5, ಫೋರ್ಜಾ ಹೊರೈಜನ್ 5. ಕಾಲೇಜಿನ ಆಟೋಕ್ಯಾಡ್ ಕೂಡ ಓಡಬೇಕು.

ಆನ್‌ಲೈನಲ್ಲಿ ಒಂದು ಜಾಹೀರಾತು ನೋಡಿದೆ: ಕೋರ್ ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟಿನ ಕ್ಯಾಬಿನೆಟ್, ಮಾನಿಟರ್ ಸೇರಿಸಿ 27 ಸಾವಿರ. ಪೇಟೆಯ ಅಂಗಡಿಯವರು ಕೊಟ್ಟ ಕೊಟೇಶನ್ ಹೀಗಿದೆ: ಐ3 12100ಎಫ್, ಎಚ್610 ಬೋರ್ಡ್, 16 ಜಿಬಿ ಡಿಡಿಆರ್4 ಒಂದು ಸ್ಟಿಕ್, ಆರ್‌ಎಕ್ಸ್ 6600 8 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, ಕ್ಯಾಬಿನೆಟ್ ವಿತ್ 500 ವ್ಯಾಟ್ ಎಸ್‌ಎಂಪಿಎಸ್, 24 ಇಂಚು 100 ಹರ್ಟ್ಸ್ ಮಾನಿಟರ್, ಒಟ್ಟು 58 ಸಾವಿರ. ಐ7 ಅರ್ಧ ಬೆಲೆಗೇ ಸಿಗ್ತಿರುವಾಗ ಐ3ಗೆ ಯಾಕೆ ಅಷ್ಟು ಕೊಡಬೇಕು ಅಂತ ಅಪ್ಪ ಕೇಳಿದ್ರು. ನನ್ನ ಹತ್ರ ಉತ್ತರ ಇಲ್ಲ.

ಸ್ಕ್ರೂಡ್ರೈವರ್:

ತಮ್ಮಾ, ಆ ಜಾಹೀರಾತಿನವರಿಗೆ ಫೋನ್ ಮಾಡಿ ಒಂದೇ ಮಾತು ಕೇಳು: ಐ7 ಆದ ಮೇಲೆ ಬರೋ ನಂಬರ್ ಯಾವುದು? ನಾನು ಶಿವಮೊಗ್ಗದಲ್ಲಿ ರಿಪೇರಿ, ಅಸೆಂಬ್ಲಿ ಕೆಲಸ ಮಾಡೋನು. ಇಂಥ ಡಬ್ಬಿ ನನ್ನ ಟೇಬಲ್ ಮೇಲೆ ಎಷ್ಟೋ ಬಿಚ್ಚಿದೀನಿ. ಒಳಗೆ ಸಾಮಾನ್ಯವಾಗಿ ಸಿಗೋದು ಐ7 2600. ಅದು 2011ರ ಪ್ರೊಸೆಸರ್. ಆಫೀಸಿಂದ ಹೊರಹಾಕಿದ ಮೆಷಿನ್ನಿಂದ ತೆಗೆದು, ಹೊಸ ಗಾಜಿನ ಕ್ಯಾಬಿನೆಟ್ಟಿಗೆ ಕೂರಿಸಿ ಮಾರ್ತಾರೆ. ನಿನ್ನ ಕೊಟೇಶನ್ನಿನ ಐ3 12100ಎಫ್ 2022ರದ್ದು. ಎರಡಕ್ಕೂ ನಾಲ್ಕೇ ಕೋರು (ಲೆಕ್ಕ ಮಾಡೋ ಘಟಕ), ಎಂಟೇ ಥ್ರೆಡ್ಡು (ಒಟ್ಟಿಗೆ ನಡೆಸೋ ಕೆಲಸದ ಸಾಲು). ಆದ್ರೆ ಒಂದೊಂದು ಕೋರಿನ ಕೆಲಸದಲ್ಲಿ ಆ ಐ3 ಈ ಐ7ನ ಎಷ್ಟೋ ಹಿಂದೆ ಹಾಕುತ್ತೆ.

ಇನ್ನೊಂದು ವಿಷಯ ನಿನಗೆ ನೇರವಾಗಿ ತಟ್ಟೋದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಅಧಿಕೃತವಾಗಿ ಅಷ್ಟು ಹಳೇ ಪ್ರೊಸೆಸರ್ ಒಪ್ಪಲ್ಲ. ಹೇಗೋ ಬಲವಂತವಾಗಿ ಹಾಕಿದ್ರೂ, ವಿಂಡೋಸ್ 11ರಲ್ಲಿ ವ್ಯಾಲರಂಟ್ ತೆರೆಯೋಕೆ ಟಿಪಿಎಂ 2.0 (ಭದ್ರತೆಯ ಚಿಪ್ಪಿನ ಸೌಲಭ್ಯ), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬಿಡೋ ವ್ಯವಸ್ಥೆ) ಎರಡೂ ಬೇಕು. ಆ ಕಾಲದ ಬೋರ್ಡಲ್ಲಿ ಟಿಪಿಎಂ 2.0 ಎಲ್ಲಿಂದ ಬರಬೇಕು? ನೀನು ಆಡಬೇಕು ಅಂದ ಮೊದಲ ಗೇಮೇ ಅಲ್ಲಿ ನಿಂತುಹೋಗುತ್ತೆ.

"4 ಜಿಬಿ ಕಾರ್ಡ್" ಅಂತ ಹಾಕೋದು ಹೆಚ್ಚಾಗಿ ಜಿಟಿ 730, 2014ರದ್ದು. ಜಿಬಿ ಅನ್ನೋದು ಕಾರ್ಡಿನ ಮೆಮೊರಿ ಎಷ್ಟು ಅಂತ ಹೇಳುತ್ತೆ, ಶಕ್ತಿ ಎಷ್ಟು ಅಂತ ಹೇಳಲ್ಲ. ಅಡಿಕೆ ಸುಲಿಯೋಕೆ ಜನ ಇಲ್ಲ, ಅಂಗಳ ಮಾತ್ರ ದೊಡ್ಡದಿದೆ ಅಂದ ಹಾಗೆ. ಅಪ್ಪನಿಗೆ ಹೀಗೇ ಹೇಳು, ಅರ್ಥ ಆಗುತ್ತೆ.

ಕೊಟೇಶನ್ ಒಳ್ಳೇದೇ ಇದೆ. ಆರ್‌ಎಕ್ಸ್ 6600 ನೀನು ಹೇಳಿದ ಮೂರೂ ಗೇಮನ್ನ 1080ಪಿಯಲ್ಲಿ ಚೆನ್ನಾಗಿ ಓಡಿಸುತ್ತೆ. ಎರಡು ಕಡೆ ತಿದ್ದಿಸು. 16 ಜಿಬಿ ಒಂದು ಸ್ಟಿಕ್ ಬದಲು 8 ಜಿಬಿಯ ಎರಡು ಕೇಳು, ಆಗ ಎರಡು ದಾರೀಲಿ ಡೇಟಾ ಓಡಾಡುತ್ತೆ. ಇನ್ನೊಂದು ಎಸ್‌ಎಂಪಿಎಸ್, ಅಂದ್ರೆ ಗೋಡೆಯ ಕರೆಂಟನ್ನ ಪಿಸಿಗೆ ಬೇಕಾದ ಹಾಗೆ ಬದಲಿಸಿ ಕೊಡೋ ಡಬ್ಬ. "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಅಂತ ಬರೆದು ಕಂಪನಿ ಹೆಸರು ಹಾಕಿಲ್ಲ ಅಂದ್ರೆ ನಾನು ಅದನ್ನ ಮುಟ್ಟಲ್ಲ. ಹೆಸರಿಲ್ಲದ್ದು, ಹೆಸರಿರೋದು ಎರಡನ್ನೂ ಒಂದ್ಸಲ ಕೈಲಿ ಹಿಡಿದು ನೋಡು, ಗೊತ್ತಾಗುತ್ತೆ: ಒಂದು ಖಾಲಿ ತಗಡಿನ ಡಬ್ಬದಷ್ಟು ಹಗುರ, ಇನ್ನೊಂದು ಇಟ್ಟಿಗೆ ಹಾಗೆ. ಮೇಲಿನ ಸ್ಟಿಕ್ಕರಲ್ಲಿ 500 ವ್ಯಾಟ್ ಅಂತ ಎರಡರಲ್ಲೂ ಇರುತ್ತೆ. ಆ ಹಗುರದ್ದು ಸುಟ್ಟುಹೋಗುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರ್ಕೊಂಡು ಹೋಗಿದ್ದು ಕಣ್ಣಾರೆ ಕಂಡಿದೀನಿ. 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನೋ ಪ್ರಮಾಣಪತ್ರ), 550 ವ್ಯಾಟ್, ಹೆಸರಿರೋ ಕಂಪನೀದು ಹಾಕಿಸು. ಲೈಟಿನ ಕ್ಯಾಬಿನೆಟ್ ಬಿಟ್ಟು ಸಾದಾದು ತಗೊಂಡ್ರೆ ಅರ್ಧ ವ್ಯತ್ಯಾಸ ಅಲ್ಲೇ ಸರಿಹೋಗುತ್ತೆ.

ಇದನ್ನೆಲ್ಲ ಕೊಳ್ಳೋಕೆ ಮುಂಚೆ ಒಂದು ಕೆಲಸ. ನಿಮ್ಮನೇಲಿ ಅರ್ಥಿಂಗ್ ಸರಿ ಇದೆಯಾ? ಕಳೆದ ವರ್ಷ ಆಗುಂಬೆ ಕಡೆ ಒಂದು ಮನೆಗೆ ಹೋಗಿದ್ದೆ. ಹೊಸ ಪಿಸಿ ಆಗಾಗ ತಾನಾಗೇ ಆಫ್ ಆಗ್ತಿತ್ತು. ಕ್ಯಾಬಿನೆಟ್ ಹಿಂದೆ, ಬಣ್ಣ ಇಲ್ಲದ ತಗಡಿನ ಮೇಲೆ ಬೆರಳಿನ ಹಿಂಬದಿ ಸವರಿದೆ, ಜುಂ ಅಂತು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪ್ಯಾಸಿಟರುಗಳು ಅರ್ಥ್ ವೈರಿಗೆ ಸೇರಿರುತ್ತವೆ. ಭೂಮಿಗೆ ದಾರಿ ಸಿಗದಿದ್ರೆ ಆ ವೋಲ್ಟೇಜು ಕ್ಯಾಬಿನೆಟ್ ಮೈಮೇಲೆ ಕೂರುತ್ತೆ. ಮೂರು ಪಿನ್ನಿನ ಸಾಕೆಟ್ ಇತ್ತು, ದಪ್ಪ ತೂತಿನ ಹಿಂದೆ ವೈರೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿಸಿದ ಮೇಲೆ ಜುಂ ಅನ್ನೋದೂ ನಿಂತಿತು, ಆಫ್ ಆಗೋದೂ ನಿಂತಿತು.

ಕೆಂಪುಹೆಂಚು:

ಅಣ್ಣ ಹೇಳಿದ್ದು ಎಲ್ಲ ಸರಿ. ನಾನು ಬೆಂಗಳೂರಲ್ಲಿ ಕೆಲಸ ಮಾಡ್ತಾ ಎಸ್‌ಪಿ ರೋಡಲ್ಲಿ (ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಬೀದಿ) ಒಂದೊಂದೇ ಪಾರ್ಟ್ ತಗೊಂಡು ಜೋಡಿಸಿದೋಳು. ಟೌನ್ ಹಾಲ್ ಹತ್ರ ಇಳಿದು ನಡೆದೇ ಹೋಗಬಹುದು, ಭಾನುವಾರ ಹೋಗಬೇಡ. ಎಲ್ಲಿ ತಗೊಂಡ್ರೂ ಜಿಎಸ್‌ಟಿ ಬಿಲ್ ಕೇಳು, ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಬರೆಸು. ಬಿಲ್ ಬೇಡ ಅಂದ್ರೆ ಕಡಿಮೆಗೆ ಕೊಡ್ತೀವಿ ಅಂತ ನನಗೂ ಹೇಳಿದ್ರು, ನಾನು ಒಪ್ಪಲಿಲ್ಲ. ಒಂದೂವರೆ ವರ್ಷಕ್ಕೆ ಎಸ್‌ಎಸ್‌ಡಿ ಕೈಕೊಟ್ಟಾಗ ಆ ಬಿಲ್ಲಿಂದಲೇ ಹೊಸದು ಬಂತು.

ಒಂದು ತಪ್ಪು ಹೇಳ್ತೀನಿ, ನೀನು ಮಾಡಬೇಡ. ನಂದು 5600ಜಿ ಪ್ರೊಸೆಸರ್, ಅದರೊಳಗೇ ಗ್ರಾಫಿಕ್ಸ್ ಇರುತ್ತೆ. ಆಮೇಲೆ ದುಡ್ಡು ಕೂಡಿಸಿ ಕಾರ್ಡ್ ಹಾಕಿದೆ. ಮಾನಿಟರ್ ಕೇಬಲ್ ಮಾತ್ರ ಮೊದಲಿನ ಹಾಗೇ ಮದರ್‌ಬೋರ್ಡಿನ ಪೋರ್ಟಲ್ಲೇ ಇತ್ತು. ಎರಡು ವಾರ ಗೇಮ್ ಹಳೇ ವೇಗದಲ್ಲೇ ಓಡ್ತು, ಕಾರ್ಡ್ ಕೆಟ್ಟಿದೆ ಅಂದ್ಕೊಂಡು ಎಷ್ಟು ಬೇಜಾರಾಗಿತ್ತು ಅಂದ್ರೆ! ಕೇಬಲ್ಲನ್ನ ಕೆಳಗೆ ಅಡ್ಡಡ್ಡ ಇರೋ ಕಾರ್ಡಿನ ಪೋರ್ಟಿಗೆ ಹಾಕಿದೆ, ಅಷ್ಟೇ. ನಿನ್ನ 12100ಎಫ್‌ನಲ್ಲಿ ಎಫ್ ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ. ಮೇಲಿನ ಪೋರ್ಟಿಗೆ ಹಾಕಿದ್ರೆ ಪರದೆ ಕಪ್ಪಗೇ ಇರುತ್ತೆ, ಹೆದರಬೇಡ. ಮತ್ತೆ ಡಿಸ್‌ಪ್ಲೇ ಸೆಟ್ಟಿಂಗಲ್ಲಿ 100 ಹರ್ಟ್ಸ್ (ಸೆಕೆಂಡಿಗೆ 100 ಸಲ ಚಿತ್ರ ಬದಲಾಗೋದು) ಆರಿಸು, ಎಷ್ಟೋ ಸಲ 60ರಲ್ಲೇ ಇರುತ್ತೆ.

ಹಾಸ್ಟೆಲ್_ರೂಮ್12:

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡಬಹುದಲ್ವಾ ಬ್ರೋ? ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದು ಸಿಗುತ್ತೆ. ನಾನು ಹಾಗೇ ತಗೊಂಡೆ, ಚೆನ್ನಾಗಿ ಓಡ್ತಿದೆ.

ಸ್ಕ್ರೂಡ್ರೈವರ್:

ಕಾರ್ಡ್ ಪರೀಕ್ಷೆ ಮಾಡೋಕೆ ಬರೋರಿಗೆ ಸರಿ. ಇವನಿಗೆ ಮೊದಲ ಕಂಪ್ಯೂಟರ್, ಅಪ್ಪನ ದುಡ್ಡು. 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡಿಂದ ಕ್ರಿಪ್ಟೊ ನಾಣ್ಯ ಗಳಿಸೋ ಕೆಲಸ) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು, ಅವು ಈಗ್ಲೂ ಕೈಯಿಂದ ಕೈಗೆ ಓಡಾಡ್ತಿವೆ. ಕೆಟ್ಟರೆ ಕೇಳೋಕೆ ಬಾಗಿಲಿಲ್ಲ. ವಾರಂಟಿ ಇರೋದೇ ತಗೊಳ್ಳಲಿ ಅನ್ನೋದು ನನ್ನ ಮಾತು.

ತುಂಗೆದಂಡೆ:

ಅಣ್ಣ, ಅಕ್ಕ, ತುಂಬಾ ಥ್ಯಾಂಕ್ಸ್. ಜಾಹೀರಾತಿನವರಿಗೆ ಫೋನ್ ಮಾಡಿದೆ. ಮೊದಲು "ಲೇಟೆಸ್ಟ್ ಐ7" ಅಂದ್ರು, ನಂಬರ್ ಹೇಳಿ ಅಂತ ಮೂರು ಸಲ ಕೇಳಿದ ಮೇಲೆ 2600 ಅಂದ್ರು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರು. ಅಂಗಡಿಯವರು ರ‍್ಯಾಮ್ ಎರಡು ಸ್ಟಿಕ್ ಮಾಡಿ, ಎಸ್‌ಎಂಪಿಎಸ್ ಬದಲಿಸಿ 59,800 ಅಂದಿದಾರೆ.

ಮನೇಲಿ ಫ್ರಿಜ್ಜಿನ ಹಿಂದೆ ಕೈ ಇಟ್ರೆ ಜುಂ ಅನ್ನುತ್ತೆ ಅಂತ ಅಮ್ಮ ಮೊದಲಿಂದಲೂ ಹೇಳ್ತಿದ್ರು, ನಾವ್ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ. ಭಾನುವಾರ ಎಲೆಕ್ಟ್ರಿಷಿಯನ್ ಬರ್ತಾರೆ. ಯುಪಿಎಸ್ ಈಗಲೇ ಬೇಕಾ? ದುಡ್ಡು ಮುಗೀತು.

ಸ್ಕ್ರೂಡ್ರೈವರ್:

ಅಮ್ಮನಿಗೆ ಹೇಳು, ಗುಂಡಿ ಆಗೋವರೆಗೂ ಫ್ರಿಜ್ ಹತ್ರ ಬರಿಗಾಲಲ್ಲಿ ಹೋಗೋದು ಬೇಡ. ಯುಪಿಎಸ್ ಎರಡು ತಿಂಗಳು ಬಿಟ್ಟು ತಗೋ. 600 ವಿಎಯದ್ದು 360 ವ್ಯಾಟ್ ಅಷ್ಟೇ ತಡೆಯೋದು, ಬೇಡ. 1100 ವಿಎ ತಗೋ. ಅದೂ ಕೊಡೋದು ಸೇವ್ ಮಾಡಿ ಆಫ್ ಮಾಡೋಷ್ಟು ಹೊತ್ತು, ಆಡೋಕಲ್ಲ. ಗುಡುಗು ಶುರುವಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತಿಡು. ಇಂಟರ್‌ನೆಟ್ಟಿನ ಲ್ಯಾನ್ ವೈರನ್ನೂ ಕಿತ್ತಿಡು, ಸಿಡಿಲು ಆ ದಾರೀಲೂ ಬರುತ್ತೆ.

ಮತ್ತೆ ಬಸ್ಸಲ್ಲಿ ತರೋದಾದ್ರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಬಾಕ್ಸಲ್ಲೇ ಹಾಕಿಸ್ಕೊಂಡು ತೊಡೆ ಮೇಲೆ ಇಟ್ಕೊ. ಮಂಡಗದ್ದೆ ಕಡೆಯ ತಿರುವುಗಳಲ್ಲಿ ಕುಲುಕಾಟಕ್ಕೆ ಸ್ಲಾಟ್ ಬಿರುಕು ಬಿಡೋದು ಬೇಡ. ಮನೆಗೆ ಬಂದು ಕೂರಿಸುವಾಗ ಟಕ್ ಅನ್ನೋವರೆಗೂ ಒತ್ತಬೇಕು, 8 ಪಿನ್ನಿನ ಪವರ್ ವೈರ್ ಹಾಕೋದು ಮರೀಬೇಡ. ಗೊತ್ತಾಗದಿದ್ರೆ ಫೋಟೋ ತೆಗೆದು ಇಲ್ಲೇ ಹಾಕು, ನೋಡಿ ಹೇಳ್ತೀನಿ.