ಹಳೇ ಹಿಟಾಚಿಲಿ ಸೆನ್ಸರ್ ಕೋಡ್ ಬರ್ತಾನೇ ಇದೆ, ಅನುಭವ ಇರೋರು ಹೇಳಿ

ಕೊಡಗಿನ ನಾಪೋಕ್ಲು ಕಡೆಯಿಂದ ಕೇಳಿದ್ದು:

ಅಣ್ಣಂದಿರೇ, ಬೇಸಿಗೇಲಿ ಒಂದು 20 ಟನ್ನಿನ ಸೆಕೆಂಡ್ ಹ್ಯಾಂಡ್ ಮಿಷನ್ ತಗೊಂಡೆ, ಕಮ್ಮಿನ್ಸ್ ಇಂಜಿನ್. ಮಳೆ ಹಿಡಿದ ಮೇಲೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಅಂತ 144 ಕೋಡ್ ಬರ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇರಲ್ಲ, ಬಕೆಟ್ ಬಂಡೆಗೆ ತಾಗಿ ಮಿಷನ್ ಅದುರಿದ ಹಾಗೆಲ್ಲ ಬಂದು ಕೂಗೋಕೆ ಶುರು ಮಾಡುತ್ತೆ. ಎರಡು ಸಲ ಸೆನ್ಸರ್ ಬದಲಾಯಿಸಿದೆ, ಮತ್ತೆ ಅದೇ. ಈಗ ಮೆಕ್ಯಾನಿಕ್ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ ಅಂತಿದ್ದಾರೆ. ರಸ್ತೆ ಮೇಲೆ ಬರೆ (ಪಕ್ಕದ ಗುಡ್ಡದ ಇಳಿಜಾರು) ಕುಸಿದ ಮಣ್ಣು ತೆಗೆಯೋ ಕೆಲಸ ಅರ್ಧಕ್ಕೆ ನಿಂತಿದೆ, ಏನ್ ಮಾಡ್ಲಿ?

ಸುಂಟಿಕೊಪ್ಪದಿಂದ:

ಅಣ್ಣ, ದಯವಿಟ್ಟು ಇಸಿಯು ತಗೋಬೇಡಿ, ಮೊದಲು ಮಲ್ಟಿಮೀಟರ್ ಹಿಡೀರಿ. ಕೋಡ್ ಬಂತು ಅಂದ್ರೆ ಸೆನ್ಸರ್ ಸತ್ತಿದೆ ಅಂತಲ್ಲ, ಆ ಸೆನ್ಸರ್ ಇರೋ ಲೈನಲ್ಲಿ ಎಲ್ಲೋ ತೊಂದ್ರೆ ಇದೆ ಅಂತ ಅಷ್ಟೇ. ನಿಮ್ಮ 144 ಅಂದ್ರೆ ಸಿಗ್ನಲ್ ವೋಲ್ಟೇಜ್ ಜಾಸ್ತಿ, 145 ಅಂದ್ರೆ ಕಡಿಮೆ. ಈ ಟೆಂಪರೇಚರ್ ಸೆನ್ಸರ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಬಿಸಿ ಆದ ಹಾಗೆ ಇಳಿಯುತ್ತೆ, ಅದಕ್ಕೇ ವೈರ್ ಕಟ್ ಆದ್ರೆ ಇಸಿಯುಗೆ ಇಂಜಿನ್ ಹಿಮದಷ್ಟು ತಣ್ಣಗಿದೆ ಅನ್ಸುತ್ತೆ, ವೋಲ್ಟೇಜ್ ಮೇಲೇರಿ 144 ಬರುತ್ತೆ. ಅದುರಿದಾಗ ಮಾತ್ರ ಬರ್ತಿದೆ ಅಂತ ನೀವೇ ಹೇಳಿದ್ರಲ್ಲ, ಅಂದ್ರೆ ಎಲ್ಲೋ ಕಾಂಟ್ಯಾಕ್ಟ್ ಬಿಡ್ತಿದೆ.

ಹೀಗೆ ಮಾಡಿ. ಇಂಜಿನ್ ಆಫ್, ಕೀ ಆನ್. ಸೆನ್ಸರಿನ ಕಪ್ಲರ್ (ವೈರ್ ಸೇರಿಸೋ ಪ್ಲಗ್) ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ ಮಧ್ಯೆ ಮೀಟರ್ ಇಟ್ರೆ ಹತ್ತಿರ ಹತ್ತಿರ 5 ವೋಲ್ಟ್ ಬರ್ಬೇಕು. ಆಮೇಲೆ ಒಂದು ಸಣ್ಣ ವೈರಲ್ಲಿ ಆ ಎರಡು ಪಿನ್ ಸೇರಿಸಿ ನೋಡಿ. 144 ಹೋಗಿ 145 ಬಂದ್ರೆ ವೈರು, ಇಸಿಯು ಎರಡೂ ಸರಿ ಇವೆ, ಸೆನ್ಸರ್ ಇಲ್ಲಾ ಕಪ್ಲರ್ ಹಿಡಿತ ನೋಡ್ಬೇಕು. 144 ಹಾಗೇ ನಿಂತ್ರೆ ಮಧ್ಯದಲ್ಲಿ ವೈರ್ ಕಟ್ ಆಗಿರ್ಬಹುದು, ಇಲ್ಲಾ ಇಸಿಯು ಕಡೆ ತೊಂದ್ರೆ. ಇದು ಎರಡು ಪಿನ್ನಿನ ಟೆಂಪರೇಚರ್ ಸೆನ್ಸರ್‌ಗೆ ಮಾತ್ರ, ಮೂರು ವೈರಿನ ಪ್ರೆಶರ್ ಸೆನ್ಸರ್‌ಗೆ ಮಾಡೋಕೆ ಹೋಗ್ಬೇಡಿ, 5 ವೋಲ್ಟ್ ಸಪ್ಲೈ ಸೀದಾ ಅರ್ತ್ ಆಗಿಬಿಡುತ್ತೆ.

ನನ್ನ ಕಥೆ ಹೇಳ್ತೀನಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು ಕಡೆ ಮಣ್ಣು ತೆಗೀತಿದ್ವಿ, ಆಯಿಲ್ ಪ್ರೆಶರ್ ಸೆನ್ಸರ್ ಕೋಡ್ ಬಂದು ಮಿಷನ್ ಮೂರು ದಿನ ನಿಂತಿತ್ತು, ಹೊಸ ಸೆನ್ಸರ್ ಹಾಕಿದ್ರೂ ಹೋಗ್ಲಿಲ್ಲ. ಕೊನೆಗೆ ಕೂತು ವೈರ್ ಮೇಲೆ ಬೆರಳು ಸವರ್ತಾ ಹೋದೆ, ಕಪ್ಲರ್‌ನಿಂದ ಒಂದು ಗೇಣು ದೂರದಲ್ಲಿ ಸೂಜಿ ಚುಚ್ಚಿದ ತೂತು ಸಿಕ್ತು. ಹಿಂದೆ ಯಾರೋ ಟೆಸ್ಟ್ ಲ್ಯಾಂಪ್ ಚುಚ್ಚಿ ನೋಡಿದ್ರು. ಆ ತೂತಲ್ಲಿ ನೀರು ಇಳಿದು ಒಳಗಿನ ತಾಮ್ರ ಕಿಲುಬು ಹಿಡಿದು ಪುಡಿ ಪುಡಿ ಆಗಿತ್ತು, ಮೇಲಿನ ರಬ್ಬರ್ ಮಾತ್ರ ಹೊಸದರ ಹಾಗೆ. ಎಳೆದ್ರೆ ರಬ್ಬರ್ ಮಾತ್ರ ಉದ್ದಕ್ಕೆ ಬಂತು. ಅದಕ್ಕೇ ಹೇಳೋದು, ನಮ್ಮೂರ ಮಳೇಲಿ ವೈರ್ ಚುಚ್ಚಿ ನೋಡೋಕೆ ಯಾರನ್ನೂ ಬಿಡ್ಬೇಡಿ, ಕಪ್ಲರ್ ಹಿಂದಿನಿಂದ ಪಿನ್‌ಗೆ ತಾಗಿಸಿ ನೋಡ್ಲಿ.

ಶನಿವಾರಸಂತೆಯಿಂದ:

ಮೇಲಿನವರು ಹೇಳಿದ್ದು ಸರಿ. ನಂಗೆ ಬೇರೆ ಥರ ಆಗಿತ್ತು, ಒಂದೇ ಸಲ ನಾಲ್ಕು ಸೆನ್ಸರ್ ಕೋಡ್. ನಾಲ್ಕೂ ಒಟ್ಟಿಗೆ ಹಾಳಾಗೋದು ಹೇಗೆ ಅಂತ ಯೋಚಿಸಿ ನೋಡಿ. ಸುಮಾರು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟ್ ಸಪ್ಲೈ ಹೋಗಿರುತ್ತೆ, ಒಂದು ಶಾರ್ಟ್ ಆದ್ರೆ ಉಳಿದವನ್ನೂ ಎಳೆದು ಬೀಳಿಸುತ್ತೆ. ಒಂದೊಂದೇ ಕಪ್ಲರ್ ಬಿಚ್ತಾ ಮೀಟರ್ ನೋಡಿ, ಯಾವುದನ್ನ ಬಿಚ್ಚಿದಾಗ ವಾಪಸ್ 5 ಬರುತ್ತೋ ಅದೇ ಕಳ್ಳ. ಯಾವುದನ್ನ ಬಿಚ್ಚಿದ್ರೂ ಬರದಿದ್ರೆ ವೈರಿಂಗ್ ನೋಡಿ. ನಂದರಲ್ಲಿ ವೈರಿಂಗೇ. ಮಳೆಗಾಲ ಪೂರ್ತಿ ತೋಟದಲ್ಲಿ ಟಾರ್ಪಾಲ್ ಹೊದ್ದಿಸಿ ನಿಲ್ಲಿಸಿದ್ದೆ, ಸೀಟಿನ ಹಿಂದಿನ ಪ್ಲೇಟ್ ತೆಗೆದ್ರೆ ಒಣ ಹುಲ್ಲು, ಗೋಣಿ ನಾರು, ಇಲಿ ಗೂಡು, ಎರಡು ವೈರ್ ಬರಿ ತಾಮ್ರ. ಹೊಟ್ಟೆ ಉರೀತು ಬಿಡಿ.

ಗೋಣಿಕೊಪ್ಪದಿಂದ:

ಹಳೇ ಮಿಷನ್ ತಗೊಳ್ಳೋರು ಇದನ್ನೂ ಓದ್ಕೊಳ್ಳಿ. ಮಾರೋರು ಬೆಳಿಗ್ಗೆ ಕೋಡ್ ಅಳಿಸಿ ತೋರಿಸ್ತಾರೆ, ಅದಕ್ಕೆ ತಣ್ಣಗಿರುವಾಗ್ಲೇ ಹೋಗಿ, ಒಂದು ಗಂಟೆಯಾದ್ರೂ ಕೆಲಸ ಮಾಡಿಸಿ. ಟೆಂಪರೇಚರ್ ಮುಳ್ಳು ನಿಧಾನಕ್ಕೆ ಏರ್ಬೇಕು. ಕೀ ಹಾಕಿದ ತಕ್ಷಣ ಮಧ್ಯಕ್ಕೆ ಬಂದು ಅಲ್ಲೇ ನಿಂತ್ರೆ ಅನುಮಾನ ಪಡಿ, ನಾನು ನೋಡಿದ ಒಂದರಲ್ಲಿ ಸೆನ್ಸರ್ ಬದಲು ಒಂದು ಪುಟಾಣಿ ರೆಸಿಸ್ಟರ್ ಹಾಕಿ ಟೇಪ್ ಸುತ್ತಿದ್ರು. ಇಂಜಿನ್ ಕಾದು ಹೋದ್ರೂ ಗೊತ್ತಾಗಲ್ಲ, ಎಂಥ ಅನ್ಯಾಯ ನೋಡಿ.

ಇನ್ನೊಂದು, ಬಕೆಟ್ ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟರಿ ಟರ್ಮಿನಲ್ ತೆಗೀರಿ, ಇಸಿಯು ಕಪ್ಲರ್ ಬಿಚ್ಚಿ, ಅರ್ತ್ ಕ್ಲಾಂಪನ್ನ ವೆಲ್ಡ್ ಮಾಡೋ ಜಾಗದ ಹತ್ತಿರವೇ ಹಾಕಿಸಿ. ಕಮ್ಯುನಿಕೇಶನ್ ಕೋಡ್ ಬಂದ್ರೆ ಬ್ಯಾಟರಿ ತೆಗೆದು ಕ್ಯಾನ್ ಲೈನಿನ (ಮಿಷನ್ನಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ಲೈನು) ಎರಡು ವೈರ್ ಮಧ್ಯೆ ರೆಸಿಸ್ಟೆನ್ಸ್ ನೋಡಿ, 60 ಓಮ್ ಬರ್ಬೇಕು, 120 ಬಂದ್ರೆ ಲೈನಿನ ಎರಡು ತುದಿಯ ರೆಸಿಸ್ಟರ್‌ಗಳಲ್ಲಿ ಒಂದು ಬಿಟ್ಟಿದೆ, ಇಲ್ಲಾ ಲೈನ್ ಕಟ್ ಆಗಿದೆ.

ನಾಪೋಕ್ಲಿನವರು ವಾಪಸ್:

ಅಣ್ಣ, ಪಿನ್ ಸೇರಿಸಿದ್ರೆ 145 ಬಂತು! ಆಮೇಲೆ ಕಪ್ಲರ್ ಹಿಂದಿನ ವೈರ್ ಮೆಲ್ಲಗೆ ಎಳೆದೆ, ಒಂದು ವೈರ್ ಪಿನ್ ಸಮೇತ ಕೈಗೇ ಬಂತು. ಲಾಕ್ ಮುರಿದಿದೆ, ಹಿಂದಿನ ರಬ್ಬರ್ ಸೀಲೂ ಇಲ್ಲ. ಸೆನ್ಸರ್ ಬದಲಾಯಿಸಿದಾಗೆಲ್ಲ ಅದೇ ಕಪ್ಲರ್ ಒತ್ತಿ ಹಾಕಿದ್ದಾರೆ. ಆ ಪಿನ್ ಮಾತ್ರ ಸಿಗುತ್ತಾ?

ಸುಂಟಿಕೊಪ್ಪದಿಂದ:

ಪಿನ್ನು, ಸೀಲು, ಕಪ್ಲರ್ ಮೂರೂ ಸೆಟ್ ಆಗೇ ಹಾಕ್ಸಿ. ಕುಶಾಲನಗರದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡೀಲಿ ಕೇಳಿ, ಇಲ್ಲಾಂದ್ರೆ ಮೈಸೂರಿಂದ ತರಿಸಿ, ಹಳೇ ಕಪ್ಲರ್ ಕೈಲಿ ತಗೊಂಡೇ ಹೋಗಿ. ಪಿನ್ನನ್ನ ಸರಿಯಾದ ಕ್ರಿಂಪಿಂಗ್ ಪ್ಲಯರಲ್ಲಿ ಒತ್ತಿಸಿ, ಕಟಿಂಗ್ ಪ್ಲಯರಲ್ಲಿ ಜಜ್ಜೋದು ಬೇಡ. ಹಾಕೋ ಮುಂಚೆ ಒಳಗೆ ಡ್ರೈ ಆಗಿರ್ಲಿ.