ಕೀಮೋ ವೇಳೆ ಸೋಂಕು ಗಂಭೀರವಾಗುವ ಅಪಾಯವನ್ನು ಮೊದಲೇ ಅಂದಾಜಿಸಬಹುದೇ?

ಪ್ರಶ್ನೆ: ಬನಶಂಕರಿಯಿಂದ

ನನ್ನ ತಾಯಿಗೆ 64 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಸ್ತನ ಕ್ಯಾನ್ಸರ್‌ಗೆ ಮುಂದಿನ ವಾರ ಮೊದಲ ಕೀಮೋ. ಬಿಳಿ ರಕ್ತಕಣಗಳ ಕೌಂಟ್ ಇಳಿದಾಗ ಸೋಂಕು ತಗುಲಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಅದು ಯಾರಿಗೆ ಗಂಭೀರವಾಗುತ್ತದೆ ಎಂಬುದನ್ನು ಮೊದಲೇ ತಿಳಿಯಲು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಯಲಹಂಕದಿಂದ, ಪತಿಯ ಆರೈಕೆ ಮಾಡಿದವರು

ಖಚಿತವಾಗಿ ಹೇಳಲು ಯಾರಿಂದಲೂ ಆಗದು, ಆದರೆ ಅಂದಾಜಿಸುವ ಒಪ್ಪಿತ ಕ್ರಮಗಳಿವೆ. ಕೊಡಲಿರುವ ಔಷಧಗಳಿಂದ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಕುಸಿದು ಜ್ವರ ಬರುವ ಸಂಭವ ಶೇ. 20ಕ್ಕಿಂತ ಹೆಚ್ಚಿದ್ದರೆ ಮೊದಲ ಸುತ್ತಿನಿಂದಲೇ ಆ ಕಣಗಳನ್ನು ಹೆಚ್ಚಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಡುವುದು ರೂಢಿ, ಶೇ. 10ರಿಂದ 20ರ ನಡುವೆ ಇದ್ದರೆ 65 ದಾಟಿದ ವಯಸ್ಸು, ಹಿಂದೆ ಪಡೆದ ಕೀಮೋ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಮುಂತಾದವನ್ನೂ ನೋಡಿ ತೀರ್ಮಾನಿಸುತ್ತಾರೆ. ನಿಮ್ಮ ತಾಯಿ ಆ ವಯಸ್ಸಿನ ಅಂಚಿನಲ್ಲೇ ಇರುವುದರಿಂದ ಅವರ ಔಷಧಗಳು ಯಾವ ಗುಂಪಿಗೆ ಸೇರುತ್ತವೆ ಎಂದು ವೈದ್ಯರನ್ನು ನೇರವಾಗಿ ಕೇಳಿ.

ವರದಿ ಓದುವುದನ್ನೂ ಕಲಿತುಕೊಳ್ಳಿ. ನನ್ನ ಪತಿಯ ಒಂದು ವರದಿಯಲ್ಲಿ ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ 1,200 ಮತ್ತು ನ್ಯೂಟ್ರೋಫಿಲ್ ಶೇ. 30 ಎಂದಿತ್ತು. ಎಂದರೆ ಸೋಂಕಿನ ವಿರುದ್ಧ ಹೋರಾಡುವ ಕಣಗಳು 360 ಮಾತ್ರ. 500ಕ್ಕಿಂತ ಕೆಳಗಿಳಿದರೆ ಅಪಾಯ ತೀವ್ರವಾಗುತ್ತದೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನಗಳ ನಡುವೆ ಕೌಂಟ್ ತಳ ಮುಟ್ಟುತ್ತದೆ. ಆ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಉತ್ತರ: ಜಯನಗರದಿಂದ, ನಿವೃತ್ತ ಶುಶ್ರೂಷಕಿ

ಜ್ವರ ಬಂದ ಮೇಲೆ ಇನ್ನೊಂದು ಲೆಕ್ಕವಿದೆ. 2000ರಲ್ಲಿ ಪ್ರಕಟವಾದ ಎಂ.ಎ.ಎಸ್.ಸಿ.ಸಿ. (ಕ್ಯಾನ್ಸರ್ ರೋಗಿಗಳ ಆರೈಕೆಯ ಅಂತರರಾಷ್ಟ್ರೀಯ ತಜ್ಞ ಸಂಘ) ಸೂಚ್ಯಂಕದಲ್ಲಿ ಗರಿಷ್ಠ 26 ಅಂಕಗಳಿದ್ದು, 21 ಅಥವಾ ಹೆಚ್ಚು ಬಂದರೆ ಕಡಿಮೆ ಅಪಾಯವೆಂದು ಎಣಿಸುತ್ತಾರೆ. ನಿಮ್ಮ ತಾಯಿಯನ್ನೇ ಉದಾಹರಣೆಯಾಗಿ ನೋಡೋಣ. 60 ದಾಟಿರುವುದರಿಂದ 2 ಅಂಕ ಸಿಗುವುದಿಲ್ಲ. ಜ್ವರದ ಬಳಲಿಕೆ ಮಧ್ಯಮ ಪ್ರಮಾಣದಲ್ಲಿದ್ದರೆ ಇನ್ನೂ 2 ಹೋಗಿ 22 ಉಳಿಯುತ್ತದೆ. ಊಟ, ನೀರು ಸೇರದೆ ಡ್ರಿಪ್ ಹಾಕಬೇಕಾದಷ್ಟು ನಿರ್ಜಲೀಕರಣವಾಗಿದ್ದರೆ ಮತ್ತೆ 3 ಕಳೆದು 19ಕ್ಕಿಳಿಯುತ್ತದೆ, ಆಗ ಅವರು ಹೆಚ್ಚಿನ ಅಪಾಯದ ಗುಂಪಿನವರು. ಆದ್ದರಿಂದ ಹಿಂದಿನ ದಿನ ಎಷ್ಟು ನೀರು ಕುಡಿದರು, ಎಷ್ಟು ಬಾರಿ ವಾಂತಿ, ಭೇದಿಯಾಯಿತು ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಮನೆಯವರಷ್ಟು ಚೆನ್ನಾಗಿ ಅದನ್ನು ಬಲ್ಲವರು ಬೇರೆ ಯಾರಿದ್ದಾರೆ?

ಗಡ್ಡೆಯ ಕ್ಯಾನ್ಸರ್ ಇದ್ದು, ಮೇಲ್ನೋಟಕ್ಕೆ ಸ್ಥಿರವಾಗಿ ಕಾಣುವವರಿಗೆ ಸಿಸ್ನೆ ಎಂಬ ಅಳತೆಯೂ ಇದೆ. ಅದರಲ್ಲಿ ಏರಿದ ಸಕ್ಕರೆ, ಬಾಯಿಹುಣ್ಣು, ಹೃದ್ರೋಗ ಇವೆಲ್ಲಕ್ಕೂ ಅಂಕಗಳುಂಟು, ಇಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದರಿಂದ ನೀವು ಈ ಬಗ್ಗೆ ವಿಶೇಷ ಗಮನ ಕೊಡಬೇಕು.

ಈ ಅಂಕಗಳು ವೈದ್ಯರು ರೋಗಿಯನ್ನು ಪರೀಕ್ಷಿಸಿದ ಮೇಲೆ ಬಳಸಲು ಇರುವಂಥವು. ಅಂಕ ಚೆನ್ನಾಗಿದೆ ಎಂದು ಜ್ವರವಿಟ್ಟುಕೊಂಡು ಮನೆಯಲ್ಲೇ ಕೂರಬೇಡಿ. ಥರ್ಮಾಮೀಟರ್ 100.4 ತೋರಿಸಿದರೆ ಅದು ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಕೇಳದೆ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ನಡುಕ, ಗೊಂದಲ, ತೀರಾ ನಿತ್ರಾಣ ಕಾಣಿಸಿಕೊಳ್ಳಬಹುದು. ಅದನ್ನೂ ಹಗುರವಾಗಿ ತೆಗೆದುಕೊಳ್ಳಬಾರದು.

ಉತ್ತರ: ಕೆಂಗೇರಿಯಿಂದ

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಕಡಿಮೆ ಅಪಾಯದವರನ್ನು ಮಾತ್ರೆ ಕೊಟ್ಟು ಮನೆಗೆ ಕಳುಹಿಸಬೇಕಾದರೆ ಆಸ್ಪತ್ರೆ ಒಂದು ಗಂಟೆಯೊಳಗಿನ ದಾರಿಯಲ್ಲಿರಬೇಕು, 24 ಗಂಟೆಯೂ ಜೊತೆಗೊಬ್ಬರಿರಬೇಕು ಎಂದು ಅಮೆರಿಕದ ತಜ್ಞ ಸಂಘಗಳ ಮಾರ್ಗಸೂಚಿ ಹೇಳುತ್ತದೆ. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ದಾಟಬೇಕಾದವರಿಗೆ ಹತ್ತು ಕಿಲೋಮೀಟರ್ ಕೂಡ ಒಂದು ಗಂಟೆಯ ದಾರಿಯೇ. ನನ್ನ ತಂದೆಗೆ ಅಂಕ ಕಡಿಮೆ ಅಪಾಯವನ್ನೇ ತೋರಿಸಿದ್ದರೂ, ಮನೆಯ ದೂರ ತಿಳಿಸಿದ ಮೇಲೆ ವೈದ್ಯರು ದಾಖಲಿಸಿಕೊಂಡರು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯಾಟಿಕ್ ಬೀಳಬೇಕು. ಆದ್ದರಿಂದ ಕ್ಯಾಶುವಾಲ್ಟಿಯಲ್ಲಿ ಚೀಟಿ ಮಾಡಿಸುವಾಗಲೇ 'ಕೀಮೋ ರೋಗಿ, ಜ್ವರವಿದೆ' ಎಂದು ಮೊದಲು ಹೇಳಿ, ಕೊನೆಯ ಕೀಮೋ ಆದ ದಿನಾಂಕವನ್ನೂ ತಿಳಿಸಿ. ಮುಂದಿನ ವಾರ ಹೋದಾಗ, ರಾತ್ರಿ ಹೊತ್ತಿನಲ್ಲಿ ಯಾವ ಬಾಗಿಲಿಗೆ ಬರಬೇಕು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಡೇಕೇರ್ ಸಿಬ್ಬಂದಿಯಿಂದ ಬರೆಸಿಕೊಂಡು ಬನ್ನಿ.